ಹೊರಗಿನ ಕೊಂಡಿ ಬೇಕೇ, ಬೇಡವೇ: ತಂತ್ರಾಂಶದ ಕೈಪಿಡಿ ಬರೆಯುವವರಿಗೊಂದು ಹೋಲಿಕೆ

ತಂತ್ರಾಂಶಕ್ಕೆ ಕೈಪಿಡಿ ಬರೆಯುವ ಯಾವ ತಂಡದಲ್ಲಾದರೂ ಈ ಜಗಳ ಒಮ್ಮೆ ಎದ್ದೇ ಏಳುತ್ತದೆ. "ಹೊರಗಿನ ಜಾಲತಾಣಗಳ ಕೊಂಡಿಗಳನ್ನೆಲ್ಲ (ಲಿಂಕುಗಳನ್ನೆಲ್ಲ) ಕಿತ್ತುಹಾಕೋಣ, ಮುಂದಿನ ಆವೃತ್ತಿಯ ಹೊತ್ತಿಗೆ ಅರ್ಧಕ್ಕರ್ಧ ಸತ್ತಿರುತ್ತವೆ" ಎಂದು ಒಬ್ಬರು. "ಹಾಗಾದರೆ ಟಿಎಲ್‌ಎಸ್ ಪ್ರಮಾಣಪತ್ರ ಎಂದರೇನು ಎಂಬಲ್ಲಿಂದ ನಾವೇ ಬರೆಯುತ್ತ ಕೂರಬೇಕೆ?" ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಹುರುಳಿದೆ. ಅದಕ್ಕೇ ಜಗಳ ಮುಗಿಯುವುದಿಲ್ಲ. ಇಡೀ ಕೈಪಿಡಿಗೆ ಒಂದೇ ಉತ್ತರ ಹುಡುಕುವಷ್ಟು ಕಾಲವೂ ಅದು ಮುಗಿಯಲಾರದು ಎಂಬುದು ನನ್ನ ಅಭಿಪ್ರಾಯ. ಒಂದೊಂದು ಕೊಂಡಿಯನ್ನೂ ಕೈಯಲ್ಲಿ ಹಿಡಿದು ಕೇಳಬೇಕಾದ ಪ್ರಶ್ನೆಯಿದು.

ನನ್ನದೇ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಒಂದು ಸಾಧನವನ್ನು ಕಂಪ್ಯೂಟರಿಗೆ ಜೋಡಿಸುವ ವಿಧಾನದ ಬಗ್ಗೆ ಕೈಪಿಡಿ ಬರೆದಿದ್ದೆ. ಅದರ ಮೂರನೆಯ ಹೆಜ್ಜೆ, "ಡ್ರೈವರನ್ನು ಈ ಪುಟದಿಂದ ಇಳಿಸಿಕೊಳ್ಳಿ" ಎಂಬುದು. ಡ್ರೈವರ್ ಎಂದರೆ ಸಾಧನವನ್ನು ಕಂಪ್ಯೂಟರ್ ಗುರುತಿಸಿ ನಡೆಸಲು ಬೇಕಾದ ತಂತ್ರಾಂಶ. ಪುಟ ಅದನ್ನು ತಯಾರಿಸಿದ ಸಣ್ಣ ಕಂಪನಿಯದು. ಎರಡು ವರ್ಷದ ಬಳಿಕ ಬಳಕೆದಾರರೊಬ್ಬರಿಂದ ಬಹಳ ವಿನಯದ ಪತ್ರ ಬಂತು: "ಮೂರನೆಯ ಹೆಜ್ಜೆಯಲ್ಲಿ ಜೂಜಾಡುವುದು ಕಡ್ಡಾಯವೇ?" ಆ ಕಂಪನಿ ತನ್ನ ಡೊಮೇನ್ ಹೆಸರನ್ನು ನವೀಕರಿಸದೆ ಬಿಟ್ಟಿತ್ತು, ಯಾರೋ ಅದನ್ನು ಕೊಂಡು ಜೂಜಿನ ತಾಣ ನಡೆಸುತ್ತಿದ್ದರು. ಕೈಪಿಡಿಯೋ ಪಿಡಿಎಫ್ ರೂಪದಲ್ಲಿ ಸಾಧನದ ಜೊತೆಗೇ ಹೋಗಿಬಿಟ್ಟಿತ್ತು, ತಿದ್ದಲು ದಾರಿಯಿರಲಿಲ್ಲ. ಅಂದಿನಿಂದ ನಾನು ಕೊಂಡಿಗಳ ಕಡುವಿರೋಧಿಯಾದೆ. ಆಮೇಲೆ ಕೆಲವು ವರ್ಷ ಕೊಂಡಿಯೇ ಇಲ್ಲದ ಕೈಪಿಡಿಗಳನ್ನು ಬರೆದು ಅದರ ಕಷ್ಟವನ್ನೂ ಉಂಡೆ. ಈಗ ಎರಡು ಪಕ್ಷಕ್ಕೂ ಸೇರಿಲ್ಲ.

ಅಳತೆಗೋಲು ಮೊದಲು

ಆಯ್ಕೆಗಳನ್ನು ತೂಗುವ ಮುನ್ನ ಯಾವುದರಿಂದ ತೂಗುತ್ತೇವೆ ಎಂಬುದು ತಿಳಿದಿರಬೇಕು. ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಇದನ್ನು: ಈ ಕೊಂಡಿ ಕಳಚಿದರೆ ಓದುಗರ ಕೆಲಸ ನಿಲ್ಲುತ್ತದೆಯೇ? ಕೈಪಿಡಿ ತೆರೆದವರಿಗೆ ಸಾಮಾನ್ಯವಾಗಿ ಓದುವ ಆಸೆ ಇರುವುದಿಲ್ಲ, ಏನೋ ಒಂದು ಕೆಟ್ಟುನಿಂತಿರುತ್ತದೆ, ಅದನ್ನು ಸರಿಮಾಡಿಕೊಂಡು ಹೋಗಬೇಕಾಗಿರುತ್ತದೆ. ನನ್ನ ಡ್ರೈವರಿನ ಕೊಂಡಿ ಸತ್ತಾಗ ಕೆಲಸ ಅಲ್ಲೇ ನಿಂತಿತು. ಅದೇ ಕೈಪಿಡಿಯಲ್ಲಿ ಯುಎಸ್‌ಬಿ ಮಾನದಂಡದ ಬಗ್ಗೆ ಇದ್ದ ಇನ್ನೊಂದು ಕೊಂಡಿ ಸತ್ತಿದ್ದರೆ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ಎರಡನ್ನೂ ಒಂದೇ ನಿಯಮದಿಂದ ಆಳಲು ಹೋಗುವುದು ತಪ್ಪು.

ಎರಡನೆಯದು, ಕೈಪಿಡಿ ಕೈಬಿಟ್ಟ ಮೇಲೆ ಅದನ್ನು ತಿದ್ದಲು ಬರುತ್ತದೆಯೇ ಎಂಬುದು. ಜಾಲತಾಣದಲ್ಲಿರುವ ಕೈಪಿಡಿಯನ್ನು ಇಂದು ಸಂಜೆಯೇ ತಿದ್ದಬಹುದು. ಮುದ್ರಿಸಿದ್ದು, ಪಿಡಿಎಫ್ ಆಗಿ ಹಂಚಿದ್ದು, ತಂತ್ರಾಂಶದೊಳಗೇ ಸಹಾಯದ ಪುಟವಾಗಿ ಸೇರಿಕೊಂಡದ್ದು ಬಿಲ್ಲಿನಿಂದ ಹೊರಟ ಬಾಣ.

ಮೂರನೆಯದು, ಕೊಂಡಿಯ ಆಚೆ ತುದಿ ಯಾರ ಕೈಯಲ್ಲಿದೆ? ಮಾನದಂಡ ರೂಪಿಸುವ ಸಂಸ್ಥೆಯದೋ, ದೊಡ್ಡ ಕಂಪನಿಯದೋ, ಒಬ್ಬ ಉತ್ಸಾಹಿಯ ಖಾಸಗಿ ಪುಟವೋ? ನಾಲ್ಕನೆಯದು ನಿಮ್ಮ ಬಜೆಟ್ಟು. ಇಲ್ಲಿ ಬಜೆಟ್ ಎಂದರೆ ಹಣಕ್ಕಿಂತ ಹೆಚ್ಚಾಗಿ ಗಂಟೆಗಳು: ತಿಂಗಳಿಗೊಮ್ಮೆ ಕುಳಿತು ಕೊಂಡಿಗಳ ಯೋಗಕ್ಷೇಮ ವಿಚಾರಿಸುವವರು ಯಾರಾದರೂ ಇದ್ದಾರೆಯೇ? ಇವುಗಳ ಜೊತೆಗೆ ಪರವಾನಗಿ, ಸುರಕ್ಷತೆ, ಭಾಷೆ ಎಂಬ ಸಣ್ಣ ಬಾಟುಗಳೂ ಇವೆ. ಅವು ಬಂದಲ್ಲಿ ಹೇಳುತ್ತೇನೆ.

ಸಾವಿನ ಲೆಕ್ಕ

ಕೊಂಡಿಗಳು ಸಾಯುತ್ತವೆ ಎಂಬುದು ಅಂಜುಬುರುಕರ ಕಟ್ಟುಕತೆಯೇನಲ್ಲ. ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷದ ಬಳಿಕ ತೆರೆಯುತ್ತಿರಲಿಲ್ಲ. ಪುಟಗಳನ್ನು ನೋಡಿಕೊಳ್ಳಲು ಸ್ವಯಂಸೇವಕರ ದಂಡೇ ಇರುವ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕೂಡ, ನೂರಕ್ಕೆ 54 ಪುಟಗಳ ಉಲ್ಲೇಖಗಳಲ್ಲಿ ಒಂದಾದರೂ ಸತ್ತ ಕೊಂಡಿ ಇತ್ತು.

ದೊಡ್ಡವರ ಮನೆಯ ಬಾಗಿಲು ಸದಾ ತೆರೆದಿರುತ್ತದೆ ಎಂದುಕೊಂಡವರೂ ಪಾಠ ಕಲಿತಿದ್ದಾರೆ. ಸಾವಿರಾರು ಮುಕ್ತ ತಂತ್ರಾಂಶ ಯೋಜನೆಗಳಿಗೆ ಆಶ್ರಯ ಕೊಟ್ಟಿದ್ದ ಗೂಗಲ್ ಕೋಡ್ 2016ರ ಜನವರಿಯಲ್ಲಿ ಬಾಗಿಲು ಹಾಕಿತು. ಗೂಗಲ್‌ನದೇ ವಿಳಾಸ ಚುಟುಕುಗೊಳಿಸುವ ಸೇವೆ 2019ರಲ್ಲಿ ಹೊಸ ಕೊಂಡಿಗಳನ್ನು ನಿಲ್ಲಿಸಿತು. ಹಳೆಯವೂ 2025ರ ಆಗಸ್ಟ್ 25ರ ನಂತರ ಕೆಲಸ ಮಾಡವು ಎಂದು 2024ರಲ್ಲಿ ಪ್ರಕಟಿಸಿತು. ಕೊನೆಗೆ ಗಡುವಿನ ಹೊಸ್ತಿಲಲ್ಲಿ ಮನಸ್ಸು ಬದಲಿಸಿ, ಬಳಕೆಯಲ್ಲಿರುವ ಕೊಂಡಿಗಳನ್ನು ಉಳಿಸುತ್ತೇವೆ ಎಂದಿತು. ಆ ಒಂದು ವರ್ಷ ಎಷ್ಟು ಕೈಪಿಡಿಗಾರರು ನಿದ್ದೆಗೆಟ್ಟಿರಬೇಕು!

ಆದರೆ ಸಾವಿಗಿಂತ ಕೆಟ್ಟದ್ದು ವೇಷ ಬದಲಿಸುವುದು. ಪುಟ ಬದುಕಿರುತ್ತದೆ, ಒಳಗಿನ ವಿಷಯ ಬೇರೆಯಾಗಿರುತ್ತದೆ. 'ಪುಟ ಸಿಗಲಿಲ್ಲ' ಎಂಬ 404 ಸಂಕೇತ ಬಂದರೆ ಓದುಗರಿಗೆ ಕನಿಷ್ಠ ತಪ್ಪಾಗಿದೆ ಎಂದು ತಿಳಿಯುತ್ತದೆ. ಮೂರನೆಯ ಆವೃತ್ತಿಯ ಬಗ್ಗೆ ನೀವು ಕೊಟ್ಟ ಕೊಂಡಿ ಸದ್ದಿಲ್ಲದೆ ಐದನೆಯ ಆವೃತ್ತಿಯ ಪುಟಕ್ಕೆ ಹೋಗುತ್ತಿದ್ದರೆ, ಅವರು ಅದನ್ನು ನಂಬಿ ತಪ್ಪು ಆದೇಶವನ್ನೇ ಓಡಿಸುತ್ತಾರೆ.

ಕೊಂಡಿಯೇ ಇಲ್ಲದ ಕೈಪಿಡಿ

ಮೊದಲ ಆಯ್ಕೆ, ಹೊರಗಿನ ಒಂದೂ ಕೊಂಡಿ ಇಡದಿರುವುದು. ಇದರ ಸುಖ ದೊಡ್ಡದು. ಜಾಲಸಂಪರ್ಕವೇ ಇಲ್ಲದ ಕೋಣೆಯಲ್ಲಿ, ಹೊರಜಗತ್ತಿನಿಂದ ಬೇಕೆಂದೇ ಕಡಿದಿಟ್ಟ ಸರ್ವರಿನ ಮುಂದೆ ಕುಳಿತವರಿಗೆ ಬೇರೆ ಯಾವ ಬಗೆಯ ಕೈಪಿಡಿಯೂ ಪ್ರಯೋಜನಕ್ಕೆ ಬಾರದು. ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಜೊತೆಗೇ ಬರುವ ಕೈಪಿಡಿಯಾದ ಮ್ಯಾನ್ ಪುಟಗಳು ವೆಬ್ ಹುಟ್ಟುವ ಮೊದಲೇ ಬಂದವು. ಇಂದಿಗೂ ಜಾಲವಿಲ್ಲದೆ ಓದಲು ಬರುತ್ತವೆ. ನಿರ್ವಹಣೆಯ ಗಂಟೆಗಳೂ ಉಳಿಯುತ್ತವೆ.

ಉಳಿಯುತ್ತವೆ ಎಂದು ನಾನೂ ಅಂದುಕೊಂಡಿದ್ದೆ. ಕೊಂಡಿ ತೆಗೆದ ಜಾಗದಲ್ಲಿ ಏನನ್ನಾದರೂ ಬರೆಯಲೇಬೇಕಲ್ಲ. ಬೇರೆ ಕಂಪನಿಯ ಡೇಟಾಬೇಸನ್ನು ಹೊಂದಿಸುವ ಬಗೆಯನ್ನು ಚಿತ್ರಸಮೇತ ನಮ್ಮ ಕೈಪಿಡಿಯಲ್ಲಿ ವಿವರಿಸಿದೆ. ಆರು ತಿಂಗಳಲ್ಲಿ ಅವರು ತಮ್ಮ ಪರದೆಯ ವಿನ್ಯಾಸ ಬದಲಿಸಿದರು. ಅವರ ಪುಟಕ್ಕೆ ಕೊಂಡಿ ಕೊಟ್ಟಿದ್ದರೆ ಅವರೇ ತಿದ್ದುತ್ತಿದ್ದರು. ಈಗ ನನ್ನ ಹನ್ನೊಂದು ಚಿತ್ರಗಳೂ ಸುಳ್ಳಾದವು. ಅದಕ್ಕಿಂತ ಮುಖ್ಯವಾಗಿ, ಅವು ಸುಳ್ಳಾದವೆಂದು ನನಗೆ ಗೊತ್ತಾಗಲೇ ಇಲ್ಲ. ಸತ್ತ ಕೊಂಡಿಯನ್ನು ಯಂತ್ರ ಪತ್ತೆಹಚ್ಚುತ್ತದೆ, ಹಳಸಿದ ನಕಲನ್ನು ಯಾವ ಯಂತ್ರವೂ ಪತ್ತೆಹಚ್ಚುವುದಿಲ್ಲ.

ನಕಲು ಮಾಡುವವರು ಪರವಾನಗಿಯನ್ನೂ ನೋಡಬೇಕು. ವೆಬ್ ತಂತ್ರಜ್ಞಾನದ ಕೈಪಿಡಿಯಾದ ಎಂಡಿಎನ್‌ನ ಬರಹ ಅಥವಾ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದ ಉತ್ತರಗಳು ಕ್ರಿಯೇಟಿವ್ ಕಾಮನ್ಸ್‌ನ, ಮೂಲವನ್ನು ಹೆಸರಿಸಿ ಅದೇ ಪರವಾನಗಿಯಲ್ಲಿ ಹಂಚಬೇಕೆಂಬ ಷರತ್ತಿಗೆ ಒಳಪಟ್ಟಿವೆ. ಅವನ್ನು ಎತ್ತಿ ನಿಮ್ಮ ಕಂಪನಿಯ ಮುಚ್ಚಿದ ಕೈಪಿಡಿಗೆ ಅಂಟಿಸಿದರೆ ವಕೀಲರಿಗೆ ಕೆಲಸ ಕೊಟ್ಟಂತೆ. ತಿಳಿದುಕೊಂಡು ನಿಮ್ಮ ಮಾತಿನಲ್ಲೇ ಬರೆಯಿರಿ.

ಬೇಕಾದಲ್ಲೆಲ್ಲ ಕೊಂಡಿ

ಇನ್ನೊಂದು ತುದಿ ಇದು. ಪದ ಬಂದಲ್ಲೆಲ್ಲ ಅಡಿಗೆರೆ. ಬರೆಯುವವರಿಗೆ ಅಗ್ಗ, ನಿಮಿಷದ ಕೆಲಸ. ಜಾಲದಲ್ಲೇ ಇರುವ, ವಾರಕ್ಕೊಮ್ಮೆ ಬದಲಾಗುವ, ಬರೆಯಲು ಪೂರ್ತಿ ತಂಡವೇ ಇರುವ ಎಪಿಐ (ಒಂದು ತಂತ್ರಾಂಶ ಇನ್ನೊಂದರ ಜೊತೆ ಮಾತಾಡುವ ವಿಧಾನ) ಕೈಪಿಡಿಗೆ ಇದರಿಂದ ಹಾನಿಯೇನಿಲ್ಲ; ಅನುಭವಿ ಪ್ರೋಗ್ರಾಮರುಗಳು ಮೂಲಕ್ಕೆ ನೇರ ಹೋಗುವುದನ್ನೇ ಇಷ್ಟಪಡುತ್ತಾರೆ. ಹೊಸಬರಿಗೆ ಮಾತ್ರ ಇದು ಕಾಡು. ಒಂದು ವಾಕ್ಯ ಅರ್ಥ ಮಾಡಿಕೊಳ್ಳಲು ಹೋಗಿ ನಾಲ್ಕು ಪುಟ ತೆರೆದು, ತಾವು ಎಲ್ಲಿಂದ ಹೊರಟೆವೆಂಬುದನ್ನೇ ಮರೆಯುತ್ತಾರೆ. ಅನುವಾದಗೊಂಡ ಕೈಪಿಡಿಯಲ್ಲಂತೂ ಇನ್ನೊಂದು ತೊಡಕು: ತನ್ನ ಭಾಷೆಯಲ್ಲಿ ಓದಲು ಬಂದವರನ್ನು ಕೊಂಡಿ ಇನ್ನೊಂದು ಭಾಷೆಯ ಪುಟಕ್ಕೆ ದೂಡುತ್ತದೆ. ಅದನ್ನು ಮೊದಲೇ ಹೇಳುವ ಸೌಜನ್ಯ ಎಷ್ಟು ಕೈಪಿಡಿಗಳಲ್ಲಿದೆ?

ಸುರಕ್ಷತೆಯ ಮಾತು ಇಲ್ಲೇ ಬರಲಿ. 2024ರಲ್ಲಿ ಪಾಲಿಫಿಲ್.ಐಓ ಎಂಬ ಡೊಮೇನ್ ಕೈಬದಲಾಗಿ, ಅದರಿಂದ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡಿನ ತುಣುಕು) ಎಳೆದುಕೊಳ್ಳುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ತಾಣಗಳಿಗೆ ದುರುದ್ದೇಶದ ಕೋಡ್ ಹರಿಯಿತು. ಕೈಪಿಡಿಯ ಉದಾಹರಣೆಯಲ್ಲಿ ಹೊರಗಿನ ಸ್ಕ್ರಿಪ್ಟಿನ ವಿಳಾಸ ಕೊಟ್ಟರೆ ಓದುಗರು ಅದನ್ನು ಹಾಗೆಯೇ ಅಂಟಿಸಿಕೊಳ್ಳುತ್ತಾರೆ. ಹೀಗೆ ಅಂಟಿಸಿಕೊಳ್ಳುವ ವಿಳಾಸಕ್ಕೂ ಬರಿದೆ ಓದುವ ಪುಟದ ವಿಳಾಸಕ್ಕೂ ಅಜಗಜಾಂತರ. ಮೊದಲನೆಯದರ ಬಗ್ಗೆ ನಾನು ಕಟ್ಟುನಿಟ್ಟು. ಕಾಲ್ಪನಿಕ ವಿಳಾಸ ಬೇಕಾದಾಗಲೂ ಮನಸ್ಸಿಗೆ ತೋಚಿದ ಹೆಸರು ಬರೆಯಬೇಡಿ, ಅದು ಯಾರದ್ದೋ ನಿಜವಾದ ತಾಣವಾಗಿರಬಹುದು. ಎಕ್ಸಾಂಪಲ್.ಕಾಮ್ ಎಂಬ ಹೆಸರನ್ನು 1999ರ ಆರ್‌ಎಫ್‌ಸಿ 2606 (ಆರ್‌ಎಫ್‌ಸಿ ಎಂದರೆ ಅಂತರಜಾಲದ ಮಾನದಂಡಗಳನ್ನು ಬರೆದಿಡುವ, ಸಂಖ್ಯೆಯುಳ್ಳ ದಾಖಲೆ) ಇದಕ್ಕೆಂದೇ ಕಾದಿರಿಸಿದೆ.

ಸಾರ ಒಳಗೆ, ಕೊಂಡಿ ಪಕ್ಕಕ್ಕೆ

ನನ್ನ ಒಲವು ಇತ್ತ. ಓದುಗರು ಮುಂದಿನ ಹೆಜ್ಜೆ ಇಡಲು ಬೇಕಾದಷ್ಟನ್ನು ಎರಡು ಮೂರು ವಾಕ್ಯಗಳಲ್ಲಿ ಒಳಗೇ ಹೇಳುವುದು, ಹೆಚ್ಚಿನದು ಬೇಕಾದವರಿಗೆ ಕೊಂಡಿ ಕೊಡುವುದು. ಪರೀಕ್ಷೆ ಸುಲಭ: ಕೊಂಡಿಯನ್ನು ಅಳಿಸಿ ವಾಕ್ಯವನ್ನು ಓದಿ. ಅರ್ಥ ನಿಂತರೆ ಸರಿ. "ಹೊಂದಾಣಿಕೆಗಾಗಿ ಇಲ್ಲಿ ಕ್ಲಿಕ್ ಮಾಡಿ" ಎಂಬ ವಾಕ್ಯದಿಂದ ಕೊಂಡಿ ತೆಗೆದರೆ ಉಳಿಯುವುದು ಬರಿಯ ಸದ್ದು. "ವೆಬ್ ಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ನಿಯಮಾವಳಿಯಲ್ಲಿ 429 ಎಂದರೆ ನೀವು ಅಲ್ಪ ಅವಧಿಯಲ್ಲಿ ಅತಿ ಹೆಚ್ಚು ಕೋರಿಕೆ ಕಳಿಸಿದ್ದೀರಿ ಎಂದರ್ಥ, ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಿ. ವಿವರ ಆರ್‌ಎಫ್‌ಸಿ 6585ರಲ್ಲಿದೆ" ಎಂದು ಬರೆದರೆ ಕೊಂಡಿ ಸತ್ತರೂ ಓದುಗರಿಗೆ ಕೆಲಸವೂ ಆಗುತ್ತದೆ, ಹುಡುಕಲು ಒಂದು ಹೆಸರೂ ಸಿಗುತ್ತದೆ. ಪರದೆ ಓದುವ ತಂತ್ರಾಂಶವನ್ನು ನೆಚ್ಚಿದವರು ಪುಟದ ಕೊಂಡಿಗಳನ್ನಷ್ಟೇ ಪಟ್ಟಿ ಮಾಡಿ ಕೇಳುವುದುಂಟು. ಅವರಿಗೆ "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಹತ್ತು ಸಲ ಕೇಳಿಸುವ ಪುಟ ಹೇಗಿರಬಹುದು ಎಂದು ಊಹಿಸಿಕೊಳ್ಳಿ.

ಇದಕ್ಕೂ ಬೆಲೆಯಿದೆ. ಸಾರ ಬರೆಯಲು ವಿಷಯ ತಿಳಿದಿರಬೇಕು, ಅದಕ್ಕೆ ಹೊತ್ತು ಬೇಕು. ಬರೆದ ಸಾರವೂ ಹಳಸಬಹುದು. ಆದ್ದರಿಂದ ಬೇಗ ಬದಲಾಗದ ತಿರುಳನ್ನು ಒಳಗೆ ಇಟ್ಟು, ಬದಲಾಗುತ್ತಲೇ ಇರುವ ಗುಂಡಿ, ಪರದೆ, ಬೆಲೆಪಟ್ಟಿಗಳನ್ನು ಕೊಂಡಿಗೆ ಬಿಡುವುದು ಲೇಸು.

ಕದಲದ ಕೊಂಡಿಗಳು

ಕೊಂಡಿ ಕೊಡುವುದೇ ಎಂದಾದ ಮೇಲೆ ಯಾವ ವಿಳಾಸ ಕೊಡುತ್ತೀರಿ ಎಂಬುದರಲ್ಲೇ ಅರ್ಧ ಯುದ್ಧವಿದೆ. ಆರ್‌ಎಫ್‌ಸಿಗಳ ಸೊಗಸು ನೋಡಿ: ಒಮ್ಮೆ ಪ್ರಕಟವಾದ ಮೇಲೆ ಪಠ್ಯ ಬದಲಾಗುವುದಿಲ್ಲ. ಎಚ್‌ಟಿಟಿಪಿಯನ್ನು ವಿವರಿಸಿದ 1999ರ ಆರ್‌ಎಫ್‌ಸಿ 2616 ಇಂದಿಗೂ ಅಲ್ಲೇ ಇದೆ. ಆದರೆ 2014ರಲ್ಲಿ ಅದರ ಜಾಗಕ್ಕೆ ಬೇರೆ ಆರು ಬಂದವು, 2022ರಲ್ಲಿ ಅವುಗಳ ಜಾಗಕ್ಕೆ 9110 ಮತ್ತು ಅದರ ಜೊತೆಗಾರರು ಬಂದರು. ಕೊಂಡಿ ಸತ್ತಿಲ್ಲ, ಅದು ತೋರಿಸುವ ನಿಯಮ ನಿವೃತ್ತಿ ಹೊಂದಿದೆ. ಕದಲದ ಕೊಂಡಿಗೆ ತೆರಬೇಕಾದ ಬೆಲೆಯೇ ಅದು.

ಹಾಗಾಗಿ ಪ್ರತಿ ಸಲವೂ ಆರಿಸಿಕೊಳ್ಳಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯ ವಿಳಾಸದಲ್ಲಿ ಬರಿದೆ 3 ಎಂದಿದ್ದರೆ ಅದು ಯಾವಾಗಲೂ ಮೂರನೆಯ ಸರಣಿಯ ಹೊಸ ಆವೃತ್ತಿಗೆ ಒಯ್ಯುತ್ತದೆ; 3.8 ಎಂದಿದ್ದರೆ ಆ ಆವೃತ್ತಿಗೇ ಅಂಟಿಕೊಂಡಿರುತ್ತದೆ. ನಿಮ್ಮ ತಂತ್ರಾಂಶ ಒಂದು ಆವೃತ್ತಿಯನ್ನಷ್ಟೇ ಬೆಂಬಲಿಸಿದರೆ ಎರಡನೆಯದು, ಇಲ್ಲದಿದ್ದರೆ ಮೊದಲನೆಯದು. ಕೋಡ್ ಇಟ್ಟು ಹಂಚುವ ಗಿಟ್‌ಹಬ್ ತಾಣದಲ್ಲಿ ಮುಖ್ಯ ಶಾಖೆಯ ಕಡತದ ಇಪ್ಪತ್ತನೆಯ ಸಾಲಿಗೆ ಕೊಂಡಿ ಕೊಟ್ಟರೆ ನಾಳೆ ಅಲ್ಲಿ ಬೇರೆ ಸಾಲಿರುತ್ತದೆ. ಕಡತ ತೆರೆದಿರುವಾಗ ಕೀಲಿಮಣೆಯಲ್ಲಿ ವೈ ಒತ್ತಿದರೆ ವಿಳಾಸ ಆ ಕ್ಷಣದ ಕಮಿಟ್‌ಗೆ (ಕೋಡಿನ ದಾಖಲಾದ ಒಂದು ಸ್ಥಿತಿಗೆ) ಬಿಗಿದುಕೊಳ್ಳುತ್ತದೆ. ಇಷ್ಟು ಸಣ್ಣ ಉಪಾಯ ಎಷ್ಟೋ ಮಂದಿಗೆ ತಿಳಿದೇ ಇಲ್ಲ.

ಖಾಸಗಿ ಪುಟಗಳಂಥ ಬಲಹೀನ ಮೂಲಗಳಿಗೆ ವೆಬ್ ಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿ ತೆಗೆದಿಟ್ಟು ಅದರ ವಿಳಾಸವನ್ನೂ ಜೊತೆಗೆ ಕೊಡಬಹುದು. ಜೊತೆಗೆ ಎಂಬ ಪದ ಮುಖ್ಯ. 2024ರ ಅಕ್ಟೋಬರಿನಲ್ಲಿ ದಾಳಿಗೆ ಸಿಕ್ಕಿ ಆ ಆರ್ಕೈವ್ ಕೂಡ ಕೆಲವು ದಿನ ಬಾಗಿಲು ಮುಚ್ಚಿಕೊಂಡಿತ್ತು. ಊರುಗೋಲನ್ನೇ ಕಾಲು ಮಾಡಿಕೊಳ್ಳಬಾರದು.

ನಮ್ಮದೇ ಬಾಗಿಲಿನ ಮೂಲಕ

ತಂತ್ರಾಂಶದೊಳಗಿನ ಸಹಾಯದ ಗುಂಡಿಗೆ, ಮುದ್ರಿತ ಕೈಪಿಡಿಗೆ ಇನ್ನೊಂದು ದಾರಿಯಿದೆ. ಹೊರಗಿನ ವಿಳಾಸವನ್ನು ಬರೆಯದೆ ನಿಮ್ಮದೇ ಡೊಮೇನಿನ ಒಂದು ಚುಟುಕು ವಿಳಾಸವನ್ನು ಬರೆಯುವುದು, ಅದು ಎಲ್ಲಿಗೆ ಕಳಿಸಬೇಕೆಂಬುದನ್ನು ಸರ್ವರಿನಲ್ಲಿ ಇಟ್ಟುಕೊಳ್ಳುವುದು. ಮೈಕ್ರೋಸಾಫ್ಟ್ ತನ್ನ ಉತ್ಪನ್ನಗಳಲ್ಲಿ ಬಹುಕಾಲದಿಂದ ಹೀಗೆಯೇ ಮಾಡುತ್ತಿದೆ. ಆಚೆ ಪುಟ ಸ್ಥಳ ಬದಲಿಸಿದಾಗ ಒಂದು ಸಾಲು ತಿದ್ದಿದರೆ ಸಾಕು, ಲಕ್ಷ ಪ್ರತಿಗಳು ಸರಿಯಾಗುತ್ತವೆ. ಆದರೆ ಈ ಬಾಗಿಲು ಕಾಯಲು ಒಬ್ಬರು ಬೇಕು, ಕಂಪನಿ ಬೇರೆಯವರ ಕೈಸೇರಿದಾಗಲೂ ಅದು ಉಳಿಯಬೇಕು. ಚುಟುಕುಗೊಳಿಸುವ ಪರರ ಸೇವೆಯನ್ನು ನೆಚ್ಚಿ ಈ ಉಪಾಯ ಮಾಡುವುದಂತೂ ಬೇಡವೇ ಬೇಡ. ಗೂಗಲ್‌ನ ಕತೆಯನ್ನು ಮೇಲೆ ಹೇಳಿದ್ದೇನೆ.

ಇಷ್ಟು ದೊಡ್ಡ ಏರ್ಪಾಡು ಬೇಡವೆನಿಸುವ ತಂಡಗಳಿಗೆ ಬಡವರ ಆವೃತ್ತಿಯೊಂದಿದೆ. ಹೊರಗಿನ ವಿಳಾಸಗಳನ್ನೆಲ್ಲ ಒಂದೇ ಕಡತದಲ್ಲಿ ಹೆಸರು ಕೊಟ್ಟು ಬರೆದಿಟ್ಟು, ಪಠ್ಯದಲ್ಲಿ ಹೆಸರನ್ನಷ್ಟೇ ಬಳಸುವುದು. ಕೈಪಿಡಿ ಬರೆಯಲು ಬಳಸುವ ಸ್ಫಿಂಕ್ಸ್, ಆಸ್ಕಿಡಾಕ್, ಡಿಟಾ ಮೂರರಲ್ಲೂ ಇದಕ್ಕೆ ಸೌಲಭ್ಯವಿದೆ. ಖರ್ಚು ಸೊನ್ನೆಗೆ ಹತ್ತಿರ. ಯಾವ ಆಯ್ಕೆ ಮಾಡಿದರೂ ಇದನ್ನು ಮಾಡಿಕೊಳ್ಳಿ ಎನ್ನುತ್ತೇನೆ.

ಯಂತ್ರ ಎಷ್ಟು ಕಾಯುತ್ತದೆ

ಸ್ಫಿಂಕ್ಸ್‌ನಲ್ಲಿ ಕೊಂಡಿಗಳನ್ನು ಪರೀಕ್ಷಿಸುವ ವ್ಯವಸ್ಥೆ ಒಳಗೇ ಇದೆ. ಸರಳ ಗುರುತುಗಳಿಂದ ಪಠ್ಯ ಬರೆಯುವ ಮಾರ್ಕ್‌ಡೌನ್ ಬಳಸುವವರಿಗೆ ಲೈಚಿಯಂಥ ಉಚಿತ ಉಪಕರಣಗಳಿವೆ. ಇವನ್ನು ಪ್ರತಿ ಬದಲಾವಣೆಗೂ ಓಡಿಸಿ, ಸತ್ತ ಕೊಂಡಿ ಕಂಡರೆ ಬಿಡುಗಡೆಯನ್ನೇ ತಡೆಯುವಂತೆ ಕಟ್ಟುವುದು ಹಲವರು ಮಾಡುವ ತಪ್ಪು. ಯಾರದ್ದೋ ಸರ್ವರ್ ಹತ್ತು ನಿಮಿಷ ಮಲಗಿದ್ದಕ್ಕೆ ನಿಮ್ಮ ಕಾಗುಣಿತ ತಿದ್ದುಪಡಿ ಕಾಯುವಂತಾಗುತ್ತದೆ. ಎರಡು ವಾರದಲ್ಲಿ ಬೇಸತ್ತು ಯಾರೋ ಆ ಪರೀಕ್ಷೆಯನ್ನೇ ಕಿತ್ತುಹಾಕುತ್ತಾರೆ. ವಾರಕ್ಕೋ ತಿಂಗಳಿಗೋ ಒಮ್ಮೆ ಬೇರೆಯಾಗಿ ಓಡಿಸಿ, ಸತತ ಎರಡು ಸಲ ಸೋತ ಕೊಂಡಿಗಳನ್ನಷ್ಟೇ ನೋಡಿ. ಯಂತ್ರಕ್ಕೆ ಬಾಗಿಲು ತೆರೆಯದೆ 403 ಎನ್ನುವ ತಾಣಗಳೂ, ಪುಟ ಇಲ್ಲದಿದ್ದರೂ 200 (ಎಲ್ಲ ಸರಿ) ಎಂದು ಸುಳ್ಳಾಡುವ ತಾಣಗಳೂ ಇವೆ. ನನ್ನ ಜೂಜಿನ ತಾಣವೂ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು.

ನಿಮಗೆ ಯಾವುದು

ಬಿಡುವಿನಲ್ಲಿ ಕೆಲಸ ಮಾಡುವ ಇಬ್ಬರು ಮೂವರ ಮುಕ್ತ ತಂತ್ರಾಂಶ ಯೋಜನೆಯೇ? ಕೊಂಡಿ ಕಡಿಮೆ ಇರಲಿ, ಇದ್ದವು ಮಾನದಂಡಗಳಿಗೂ ಅಧಿಕೃತ ಕೈಪಿಡಿಗಳಿಗೂ ಸೀಮಿತವಾಗಲಿ, ವಿಳಾಸಗಳು ಒಂದೇ ಕಡತದಲ್ಲಿರಲಿ. ಸಾರ ಬರೆಯಲು ಹೊತ್ತಿಲ್ಲ ಎನ್ನುವವರು ಬಳಕೆದಾರರು ಪದೇಪದೇ ಕೇಳುವ ಪ್ರಶ್ನೆಗಳಿಗಾದರೂ ಬರೆಯಲಿ.

ಜಾಲವಿಲ್ಲದ ಕಡೆ ಓದುವ ಕೈಪಿಡಿಯಾದರೆ ಕೆಲಸಕ್ಕೆ ಬೇಕಾದ್ದೆಲ್ಲ ಒಳಗೇ ಇರಬೇಕು, ಬೇರೆ ಮಾತಿಲ್ಲ. ಮಾನದಂಡಗಳನ್ನು ಅಚ್ಚಿನ ಪುಸ್ತಕದಲ್ಲಿ ಬರೆಯುವ ಹಾಗೆ ಹೆಸರು, ಸಂಖ್ಯೆ, ವರ್ಷ, ವಿಭಾಗದ ಸಮೇತ ಬರೆಯಿರಿ. ಹೊರಗಿನಿಂದ ಇಳಿಸಿಕೊಳ್ಳಲೇಬೇಕಾದ ವಸ್ತುವಿದ್ದರೆ, ಪರವಾನಗಿ ಒಪ್ಪಿದರೆ ಜೊತೆಗೇ ಕೊಡಿ; ಒಪ್ಪದಿದ್ದರೆ ಅದರ ಪೂರ್ಣ ಹೆಸರು, ಆವೃತ್ತಿ, ಎಸ್‌ಎಚ್‌ಎ-256 ಮೊತ್ತವನ್ನು (ಕಡತದ ಒಳವಿಷಯದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಬರೆದು ನಿಮ್ಮದೇ ಬಾಗಿಲಿನ ಮೂಲಕ ಕಳಿಸಿ. ಮೊತ್ತ ಹೊಂದಿಕೆಯಾದರೆ ಎಲ್ಲಿಂದ ಸಿಕ್ಕರೂ ಅದೇ ಕಡತವೆಂದು ಓದುಗರು ಖಚಿತಪಡಿಸಿಕೊಳ್ಳಬಹುದು. ಹೊಸಬರಿಗಾಗಿ ಬರೆದ ಪಾಠವಾದರೆ ಕೊಂಡಿಗಳನ್ನು ಹೆಜ್ಜೆಗಳ ನಡುವೆ ಇಡದೆ ಪಾಠದ ಕೊನೆಗೆ ಕಳಿಸಿ.

ಈಗಾಗಲೇ ನೂರಾರು ಕೊಂಡಿಗಳಿರುವ ಹಳೆಯ ಕೈಪಿಡಿ ನಿಮ್ಮ ಕೈಗೆ ಬಂದಿದ್ದರೆ ಎಲ್ಲವನ್ನೂ ಒಂದೇ ದಿನ ತಿದ್ದಲು ಹೋಗಬೇಡಿ. ಅದನ್ನು ಬರೆಯದ ಯಾರನ್ನಾದರೂ ಕೂರಿಸಿ, ಕಂಪ್ಯೂಟರಿನ ಜಾಲಸಂಪರ್ಕ ಕಿತ್ತು, ಮೊದಲ ಪುಟದಿಂದ ಹೆಜ್ಜೆ ಹೆಜ್ಜೆಯಾಗಿ ಮಾಡಲು ಹೇಳಿ. ಪಕ್ಕದಲ್ಲಿ ಕುಳಿತು, ಬಾಯಿ ಬಿಡದೆ, ಅವರು ಎಲ್ಲೆಲ್ಲಿ ನಿಲ್ಲುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಆ ಗುರುತುಗಳಿಂದಲೇ ಕೆಲಸ ಶುರುವಾಗಲಿ. ನನ್ನ ಕೈಪಿಡಿಯನ್ನು ಯಾರಾದರೂ ಹೀಗೆ ಓದಿದ್ದರೆ ಮೂರನೆಯ ಹೆಜ್ಜೆಗೇ ಕೈಕಟ್ಟಿ ಕೂರುತ್ತಿದ್ದರು.